ಎಂಟು ಮಕ್ಕಳ ಕಂಪನಿ

ಆಪಾ ಕಳೆದ ತಿಂಗಳು ತಮ್ಮ ಡೇಕೇರನ್ನು ಮಾರಿ ಟೆಕ್ಸಸ್‌ನಲ್ಲಿರುವ ಮಗಳ ಮನೆಗೆ ಹೊರಟುಹೋದರು. ಯೂನಿಯನ್ ಸಿಟಿಯ ಒಂದಂತಸ್ತಿನ ಬಾಡಿಗೆ ಮನೆಯಲ್ಲಿ ಹದಿನೇಳು ವರ್ಷ ನಡೆಸಿದ ಡೇಕೇರು ಅದು. ಯಾವಾಗ ಹೋದರೂ ಎಂಟೇ ಮಕ್ಕಳು. ಕೊಳ್ಳಲು ಇಬ್ಬರು ಮುಂದೆ ಬಂದಿದ್ದರು. ಊರೂರಲ್ಲಿ ಡೇಕೇರು ನಡೆಸುವ ಒಂದು ಸಂಸ್ಥೆಯವರು ದೊಡ್ಡ ಮೊತ್ತ ಹೇಳಿದ್ದರು. ಆಪಾ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದ್ದ ಲೂಪೆ ಎಂಬ ಮೆಕ್ಸಿಕನ್ ಹೆಂಗಸು ಅದರ ಅರ್ಧವನ್ನಷ್ಟೇ ಕೊಡಬಲ್ಲವಳಾಗಿದ್ದಳು. ಆಪಾ ಲೂಪೆಗೇ ಕೊಟ್ಟರು. ಪಾಪ, ಒಳ್ಳೆಯ ಮನಸ್ಸು, ಎಂದು ನಾವು ತಾಯಂದಿರೆಲ್ಲ ಮಾತಾಡಿಕೊಂಡೆವು. ಅದು ಕಿವಿಗೆ ಬಿದ್ದಾಗ ಆಪಾಗೆ ಸಿಟ್ಟೇ ಬಂತು.

"ಯಾವ ಪಾಪ? ಆ ಸೂಟಿನವ ಹದಿನಾಲ್ಕು ಮಕ್ಕಳ ಲೆಕ್ಕ ಹಾಕ್ಕೊಂಡು ಬಂದಾನ. ಈ ಮನ್ಯಾಗ ಹದಿನಾಲ್ಕು ಮಕ್ಕಳು ಎಲ್ಲಿ ಮಲಗ್ತಾವ, ಒಂದರ ಮ್ಯಾಲ ಒಂದೇನು? ಅಂವ ಹೇಳಿದ್ದು ತನ್ನ ಕನಸಿನ ಬೆಲಿ. ಕನಸು ಮುರೀತಂದ್ರ ಒಂದು ವರ್ಷದಾಗ ಬಾಗಲಾ ಹಾಕ್ಕೊಂಡು ಹೋಗ್ತಾನ. ಲೂಪೆ ಹೇಳಿದ್ದು ಡೇಕೇರಿನ ಬೆಲಿ. ನಾ ಮಾರಾಕ ಕುಂತದ್ದು ಡೇಕೇರು."

ಅವರನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಒಂದು ವಸ್ತುವಿನ ರೇಟು ಬೇರೆ, ಅದರ ಬೆಲೆ ಬೇರೆ ಎನ್ನುವುದನ್ನು ಅವರಷ್ಟು ಹಟದಿಂದ ಹಿಡಿದುಕೊಂಡು ಬದುಕಿದ ಇನ್ನೊಬ್ಬರನ್ನು ನಾನು ಈ ಬೇ ಏರಿಯಾದಲ್ಲಿ ಕಂಡಿಲ್ಲ. ಇಲ್ಲಿ ಕಾಫಿಗೆ ಸಾಲಿನಲ್ಲಿ ನಿಂತವರ ಬಾಯಲ್ಲೂ ಶೇರಿನ ಮಾತೇ. ಆದರೆ ಶೇರು ಎಂದರೆ ಏನು ಎಂದು ನನಗೆ ಕಲಿಸಿದ್ದು ಬೆಳಗಿನಿಂದ ಸಂಜೆಯವರೆಗೆ ಎಂಟು ಮಕ್ಕಳ ಮೂಗು ಒರೆಸುತ್ತಿದ್ದ ವಿಜಯಪುರದ ಈ ಹೆಂಗಸು. ಅದೂ ಒಂದು ಗುರುವಾರ, ನನ್ನ ಮನೆಯ ಪಾಡು ಒಂದೇ ದಿನದ ಮೇಲೆ ನಿಂತಿದ್ದಾಗ. ಆಮೇಲೆ ಮೂರು ವರ್ಷ ಕಳೆದಿದೆ. ಈಗಲೂ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆ ದಾಟಿದರೆ ಕೆಲಸ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತೇನೆ.

ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ. ನನ್ನ ಅಮ್ಮನ ವಯಸ್ಸಿನವರನ್ನು ಅಕ್ಕ ಎನ್ನುವುದು ಮೊದಮೊದಲು ಮುಜುಗರವಾಗುತ್ತಿತ್ತು. ಆದರೆ ಲೂಪೆಯಿಂದ ಹಿಡಿದು ಮಕ್ಕಳವರೆಗೆ ಎಲ್ಲರಿಗೂ ಅವರು ಆಪಾನೇ. ಸಲ್ವಾರಿನ ಕೆಳಗೆ ಓಡುವವರು ಹಾಕುವಂಥ ದಪ್ಪ ಶೂ, ಕೊರಳಲ್ಲಿ ಶೂ ಲೇಸಿಗೆ ಕಟ್ಟಿದ ಕನ್ನಡಕ, ಒಂದು ಜೇಬಲ್ಲಿ ಟಿಶ್ಯೂ, ಇನ್ನೊಂದರಲ್ಲಿ ಸೀಮೆಸುಣ್ಣ. ಸೇಬು ಹೆಚ್ಚುವ ಮೊದಲು ಬಿಸ್ಮಿಲ್ಲಾ ಅನ್ನುತ್ತಿದ್ದರು; ಎಂಟೂ ಮಕ್ಕಳು, ಅವರಲ್ಲಿ ಗುಜರಾತಿ, ತೆಲುಗು, ಚೀನಿ ಎಲ್ಲರೂ ಇದ್ದರು, ಜೊತೆಗೆ ಅನ್ನುತ್ತಿದ್ದವು. ನನ್ನ ಮಗಳು ಇರಾ ಮನೆಯಲ್ಲಿ ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಆದರೆ ಬೇಡ ಅನ್ನಬೇಕಾದಾಗ ಮಾತ್ರ "ಬ್ಯಾಡ" ಎಂದು ಅಪ್ಪಟ ವಿಜಯಪುರದ ಗತ್ತಿನಲ್ಲಿ ಅನ್ನುತ್ತಿದ್ದಳು. ಮೈಸೂರಿನ ನನ್ನ ಅತ್ತೆ ವಿಡಿಯೋ ಕಾಲಿನಲ್ಲಿ ಇದನ್ನು ಕೇಳಿ, "ಮಗೂಗೆ ಯಾರೇ ಕನ್ನಡ ಹೇಳಿಕೊಡ್ತಿರೋದು?" ಎಂದು ಗಾಬರಿಯಾಗಿದ್ದರು.

ತಡವಾಗಿ ಬಂದ ತಾಯಿತಂದೆಯರಿಗೆ ನಿಮಿಷಕ್ಕೊಂದು ಡಾಲರ್ ದಂಡ. ಡಂಬಾರ್ಟನ್ ಸೇತುವೆಯ ಮೇಲೆ ಆಕ್ಸಿಡೆಂಟ್ ಆಗಿತ್ತು ಎಂದು ನಾನು ಹೇಳಿದರೆ, "ಸೇತುವೆ ನಿನ್ನೇ ಕಟ್ಟಿದ್ದೇನು? ದಿನಾ ಅದ ಸೇತುವೆ, ದಿನಾ ಅದ ಆಕ್ಸಿಡೆಂಟು," ಎನ್ನುತ್ತಿದ್ದರು. ಆ ಡಾಲರು ಲೂಪೆಗೆ ಹೋಗುತ್ತಿತ್ತು ಎಂದು ತಿಳಿದದ್ದು ಬಹಳ ತಡವಾಗಿ.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾವ ಅಂಗಡಿಗೆ ಹೋಗಲಿ, ಕೊಳ್ಳುವ ಪದಾರ್ಥದ ಜೊತೆಗೆ ಅಂಗಡಿಯನ್ನೂ ತೂಗುತ್ತಿದ್ದರು. ದಿನಕ್ಕೆಷ್ಟು ಜನ ಬರ್ತಾರೆ, ಬಾಡಿಗೆ ಎಷ್ಟು, ಕೆಲಸಕ್ಕೆಷ್ಟು ಜನ, ಮಾಲೀಕನಿಗೆ ಕೊನೆಗೆ ಉಳಿಯುವುದೆಷ್ಟು. ಹಾಗಾದರೆ ಪೂರ್ತಿ ಅಂಗಡಿಯನ್ನು ಯಾರಾದರೂ ಎಷ್ಟಕ್ಕೆ ಕೊಳ್ಳಬಹುದು? ಸಂಕೋಚವೆಂಬುದೇ ಇಲ್ಲ, ನೇರವಾಗಿ ಕೇಳಿಬಿಡುತ್ತಿದ್ದರು. ಫ್ರೀಮಾಂಟಿನ ಒಂದು ಅಫ್ಘಾನಿ ಬೇಕರಿಯಲ್ಲಿ ಹೀಗೆಯೇ ಆಯಿತು. ದಿನಕ್ಕೆಷ್ಟು ನಾನ್ ರೊಟ್ಟಿ ಸುಡುತ್ತೀ, ಹಿಟ್ಟಿಗೆಷ್ಟು, ಗ್ಯಾಸಿಗೆಷ್ಟು, ಎಂದು ಪ್ರತಿ ಶನಿವಾರ ಒಂದೊಂದು ಪ್ರಶ್ನೆ. ಬೇಕರಿಯವನು ಪಾಪ, ಈಕೆ ಕೊಳ್ಳಲು ಬಂದಿದ್ದಾಳೆ ಎಂದೇ ತಿಳಿದ. ಮುಂದಿನ ವಾರ ಅವನ ಭಾವಮೈದುನ ಹೊಸ ಕೋಟು ಹಾಕಿಕೊಂಡು, ಒಂದು ಡಬ್ಬಿ ಬಕ್ಲಾವಾ ಮಿಠಾಯಿ ಹಿಡಿದು ಡೇಕೇರಿನ ಬಾಗಿಲಿಗೇ ಬಂದ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ವ್ಯಾಪಾರ ಶುರುಮಾಡಿದ. ಆಪಾ ಕಸಿವಿಸಿಗೊಂಡರೇ? ಇಲ್ಲ. ಅರ್ಧ ಗಂಟೆ ಚೌಕಾಸಿ ಮಾಡಿ, ಅವನು ಹೇಳಿದ್ದು ಹದಿನೈದು ವರ್ಷದ ಲಾಭವಾಯಿತೆಂದೂ, ಒಬ್ಬನೇ ಮನುಷ್ಯನ ಕೈರುಚಿಯ ಮೇಲೆ ನಿಂತ ಅಂಗಡಿಗೆ ಐದು ವರ್ಷದ್ದಕ್ಕಿಂತ ಹೆಚ್ಚು ಕೊಡಬಾರದೆಂದೂ ಅವನಿಗೇ ಪಾಠ ಹೇಳಿ, ಬಕ್ಲಾವಾ ಇಟ್ಟುಕೊಂಡು ಕಳಿಸಿದರು.

"ಕೊಳ್ಳೋದಿಲ್ಲ ಅಂದ್ಮೇಲೆ ಯಾಕೆ ಆಪಾ ಇದೆಲ್ಲ?" ಎಂದು ಕೇಳಿದೆ.

"ನೀ ಶೇರು ತಗೋತಿಯಲ್ಲ, ಆಗ ಕೇಳ್ತಿಯೇನು ಇಷ್ಟು? ನಾನ್ ಸುಡಾವಗ ಕೇಳಾಕ ನಿನಗ ನಾಚಿಕಿ. ಕೇಳದ ರೊಕ್ಕ ಕೊಡಾಕ ನಾಚಿಕಿ ಇಲ್ಲ."

ಅವರಿಗೆ ಇದು ಎಲ್ಲಿಂದ ಬಂತೆಂದು ಒಮ್ಮೆ ಮಾತ್ರ ಹೇಳಿದ್ದರು, ಒಗೆದ ಪುಟ್ಟ ಹಾಸಿಗೆ ಬಟ್ಟೆಗಳನ್ನು ನಾವಿಬ್ಬರೂ ಮಡಚುತ್ತಿದ್ದಾಗ. ಬಹಳ ಹಿಂದೆ ಅವರು ಸರ್ಕ್ಯೂಟ್ ಬೋರ್ಡ್ ಜೋಡಿಸುವ ಒಂದು ಫ್ಯಾಕ್ಟರಿಯಲ್ಲಿದ್ದರಂತೆ. ಗಂಡನೂ ಅಲ್ಲೇ. ಪಗಾರದ ಜೊತೆ ಶೇರು ಕೊಡುತ್ತಿದ್ದರು. ಅದನ್ನು ಮಾರಿದರೆ ಒಂದು ಮನೆಯೇ ಬರುತ್ತಿತ್ತು. ಇನ್ನೂ ಏರಲಿ ಎಂದು ಕಾದರು. "ಆ ಶೇರಿನ ರೇಟು ನಮಗ ಬಾಯಿಪಾಠ ಇತ್ತು ನೋಡು. ನಮಾಜಿಗೆ ಎದ್ದ ಕೂಡ್ಲೆ ರೇಟು. ಕಂಪನಿಗೆ ಲಾಭ ಎಷ್ಟು ಅಂತ ಯಾರರ ಕೇಳಿದ್ದರ ನನಗ ಗೊತ್ತಿರಲಿಲ್ಲ. ಲಾಭನ ಇರಲಿಲ್ಲ." ಎಲ್ಲ ಹೋದ ಮೇಲೆ ಕಮ್ಯುನಿಟಿ ಕಾಲೇಜಿನ ಸಂಜೆ ಕ್ಲಾಸಿಗೆ ಸೇರಿ, ಮೀಸೆ ಚಿಗುರದ ಹುಡುಗರ ನಡುವೆ ಕೂತು ಕಂಪನಿಗಳ ವರದಿ ಓದುವುದನ್ನು ಕಲಿತರು. ಹೇಳಿ ಮುಗಿಸಿದವರೇ, "ಆ ಮೂಲಿ ಹಿಡಿ, ಸರಿ ಮಡಿಚು," ಎಂದರು. ಅಷ್ಟೇ.

ಅವರು ಎಲ್ಲವನ್ನೂ ಸರಿಯಾಗಿ ತೂಗಿದರು ಎಂದೇನೂ ಅಲ್ಲ. ಒಂದು ದೊಡ್ಡ ಕಂಪನಿಯನ್ನು ಹತ್ತು ವರ್ಷದಿಂದ "ತುಟ್ಟಿ, ತುಟ್ಟಿ" ಎನ್ನುತ್ತಲೇ ಇದ್ದರು, ಅದು ಹತ್ತು ಪಟ್ಟು ಏರಿತು. ಅದನ್ನು ಎತ್ತಿ ಆಡಿದರೆ ಮುಖ ಉಬ್ಬಿಸಿಕೊಂಡು, "ಹೌದು, ತಪ್ಪ ತೂಗಿದೆ. ಆದರ ತೂಗಿ ತಪ್ಪಿದೆ," ಎನ್ನುತ್ತಿದ್ದರು.

ಇನ್ನು ನನ್ನ ಕಥೆ. ನಾನು ಮೌಂಟನ್ ವ್ಯೂನಲ್ಲಿರುವ ಒಂದು ಕಂಪನಿಯಲ್ಲಿ ಎಂಜಿನಿಯರು. ಶೀತಲ ಗೋದಾಮುಗಳಲ್ಲಿ, ಅಂದರೆ ಹಣ್ಣು, ಮಾಂಸ, ಔಷಧಿ ಇಡುವ ದೊಡ್ಡ ದೊಡ್ಡ ಕೋಣೆಗಳಲ್ಲಿ, ತಾಪಮಾನ ನೋಡಿಕೊಳ್ಳುವ ಯಂತ್ರಗಳನ್ನು ನಾವು ಮಾಡುತ್ತೇವೆ. ಸಂಬಳದ ಜೊತೆ ಮೂರು ತಿಂಗಳಿಗೊಮ್ಮೆ ಕಂಪನಿಯ ಶೇರು ಕೈಗೆ ಬರುತ್ತದೆ. ನಾಲ್ಕು ವರ್ಷ ಒಂದನ್ನೂ ಮಾರಿರಲಿಲ್ಲ. ನಮ್ಮಲ್ಲಿ ಯಾರೂ ಮಾರುತ್ತಿರಲಿಲ್ಲ. ಮಾರಿದರೆ ಸ್ವಂತ ಮನೆಯವರ ಬಗ್ಗೆ ಹೊರಗೆ ಕೆಟ್ಟ ಮಾತಾಡಿದ ಹಾಗೆ. ಶೇರು ಏರುತ್ತಲೇ ಇತ್ತು. ನಾವು, ಅಂದರೆ ನಾನು ಮತ್ತು ನನ್ನ ಗಂಡ ಸುಹಾಸ್, ಅದರ ಭರವಸೆಯ ಮೇಲೆ ಹತ್ತಿರದ ನೆವಾರ್ಕಿನಲ್ಲಿ ಸಾಲುಮನೆಗಳಾಗಿ ಕಟ್ಟುತ್ತಿದ್ದ ಟೌನ್‌ಹೌಸೊಂದಕ್ಕೆ ಸಹಿ ಹಾಕಿದೆವು. ಕೂಡಿಟ್ಟಿದ್ದ ನಗದನ್ನೆಲ್ಲ ಮುಂಗಡ ಕೊಟ್ಟಾಗಿತ್ತು. ಎರಡು ತಿಂಗಳಲ್ಲಿ ಉಳಿದ ಡೌನ್ ಪೇಮೆಂಟು, ಅಂದರೆ ಬ್ಯಾಂಕ್ ಸಾಲ ಬಿಟ್ಟು ನಾವೇ ಹಾಕಬೇಕಾದ ಹಣ, ಕಟ್ಟಬೇಕು; ಕಟ್ಟದಿದ್ದರೆ ಮುಂಗಡ ಬಿಲ್ಡರಿಗೆ. ನನ್ನ ಟೀಮಿನ ಪ್ರಶಾಂತನೂ ಅದೇ ಸಾಲಿನಲ್ಲಿ ಎರಡು ಮನೆ ಆಚೆಯದಕ್ಕೆ ಅದೇ ವಾರ ಸಹಿ ಹಾಕಿದ್ದ. ಬಸವನಗುಡಿಯ ಹುಡುಗ, ಬಾಯಿ ತುಂಬ ತಮಾಷೆ. ಇಬ್ಬರ ಡೌನ್ ಪೇಮೆಂಟೂ ಇದ್ದದ್ದು ಒಂದೇ ಕಡೆ, ನಮ್ಮ ಕಂಪನಿಯ ಶೇರಿನಲ್ಲಿ.

ಇಲ್ಲೊಂದು ನಿಯಮವಿದೆ. ಕಂಪನಿಯ ನೌಕರರು ಬೇಕೆಂದಾಗ ಶೇರು ಮಾರುವಂತಿಲ್ಲ. ಮೂರು ತಿಂಗಳ ಲಾಭನಷ್ಟ ಪ್ರಕಟವಾದ ಮೇಲೆ ಕೆಲವು ವಾರ ಅವಕಾಶ. ಆಮೇಲೆ ಮುಂದಿನ ಫಲಿತಾಂಶದವರೆಗೆ ಬಾಗಿಲು ಮುಚ್ಚಿರುತ್ತದೆ. ಆ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ, ನ್ಯೂಯಾರ್ಕಿನ ಮಾರುಕಟ್ಟೆ ಮುಗಿಯುವ ಹೊತ್ತಿಗೆ, ನಮಗೆ ಬಾಗಿಲು ಮುಚ್ಚುವುದಿತ್ತು. ಮತ್ತೆ ತೆರೆಯುವುದು ಮನೆಗೆ ಹಣ ಕಟ್ಟುವುದಕ್ಕೆ ಒಂದು ವಾರ ಮೊದಲು. ಸುಹಾಸ್ ಲೆಕ್ಕ ಹಾಕಿದ್ದ: ಈಗ ಮಾರುವುದು ದಡ್ಡತನ, ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಆಮೇಲೆ ಮಾರಿದರೆ ಸಾಲವೇ ಕಡಿಮೆಯಾಗುತ್ತದೆ. ನನಗೂ ಅದು ಸರಿಯೆನಿಸಿತ್ತು.

ಗುರುವಾರ ಇರಾಳನ್ನು ಕರೆದುಕೊಂಡು ಬರಲು ಹೋದಾಗ ಮನೆಯ ವಿಷಯ ಆಪಾಗೆ ಹೇಳಿದೆ. ಸಿಹಿ ಸುದ್ದಿ ಎಂದೇ ಹೇಳಿದ್ದು.

"ರೊಕ್ಕ ಎಲ್ಲಿಂದ?"

"ಶೇರಿಂದ ಆಪಾ. ರಿಸಲ್ಟ್ ಬಂದ್ಮೇಲೆ ಮಾರ್ತೀವಿ. ಈಗ ಬರೀ ನಲವತ್ತು ಡಾಲರ್ ಇದೆ. ದೊಡ್ಡ ಕಂಪನಿಗಳದ್ದೆಲ್ಲ ಮುನ್ನೂರು, ನಾನೂರು. ನಮ್ಮದು ಇನ್ನೂ ಚೀಪು, ಏರೋಕ್ಕೆ ಜಾಗ ಇದೆ."

ಆಪಾ ಇರಾಳ ಶೂ ಕೈಗೆತ್ತಿಕೊಂಡವರು ಅದನ್ನು ಕೊಡದೆ ಬೆನ್ನ ಹಿಂದೆ ಹಿಡಿದುಕೊಂಡರು. "ಏನಂದಿ? ಚೀಪು? ಕುಂದರು ಇಲ್ಲೆ."

"ಆಪಾ, ಗ್ರೋಸರಿಗೆ ಹೋಗ್ಬೇಕು..."

"ಗ್ರೋಸರಿ ಎಲ್ಲೂ ಓಡಿ ಹೋಗಂಗಿಲ್ಲ. ನೀ ಲೆಕ್ಕ ಮಾಡೂತನಕ ಈ ಬೂಟು ಕೊಡಂಗಿಲ್ಲ. ಲೂಪೆ, ಇರಾಗ ಕ್ರ್ಯಾಕರ್ ಕೊಡು."

"ಯೇ! ಐ ಡೋಂಟ್ ವಾಂಟ್ ಟು ಗೋ ಹೋಮ್ ಎನಿವೇ," ಎಂದು ಇರಾ ಓಡಿದಳು.

ಮಕ್ಕಳು ಎಬಿಸಿಡಿ ಬರೆಯುವ ಹಲಗೆಯನ್ನು ಆಪಾ ನನ್ನ ಮುಂದೆ ಎಳೆದಿಟ್ಟರು. "ಈ ಡೇಕೇರು ನೂರು ತುಂಡು ಮಾಡಿದೆ ಅಂತ ತಿಳಕೊ. ಒಂದು ತುಂಡಿಗೆ ಎರಡು ಸಾವಿರ. ಅದನ್ನ ಹತ್ತು ಸಾವಿರ ತುಂಡು ಮಾಡಿದೆ, ಒಂದು ತುಂಡಿಗೆ ಇಪ್ಪತ್ತು. ಚೀಪ್ ಆತೇನು?"

"ಇಲ್ಲ. ಅದೇ ಡೇಕೇರು."

"ಹಂಗಾರ ನಲವತ್ತು ಅಂದ್ರ ಏನೂ ಹೇಳಿದಂಗ ಆಗಲಿಲ್ಲ. ನಿನ್ನ ಕಂಪನಿದು ಎಷ್ಟು ತುಂಡು ಅದಾವ?"

ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಅಲ್ಲಿ ಕೆಲಸ ಮಾಡಿದ್ದೆ, ದಿನಕ್ಕೆ ಹತ್ತು ಸಲ ರೇಟು ನೋಡಿದ್ದೆ, ಒಟ್ಟು ಎಷ್ಟು ಶೇರುಗಳಿವೆ ಎಂದು ಗೊತ್ತಿರಲಿಲ್ಲ. ಯಾರು ಬೇಕಾದರೂ ಓದಬಹುದಾದ ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆಂದು ಆಪಾ ನನ್ನ ಫೋನಿನಲ್ಲೇ ತೋರಿಸಿದರು. ಗುಣಿಸಿದೆ. ಪೂರ್ತಿ ಕಂಪನಿಯ ರೇಟು ಬಂತು. ಎಷ್ಟು ಸೊನ್ನೆ ಎಂದು ಎರಡು ಸಲ ಎಣಿಸಬೇಕಾಯಿತು.

"ಇನ್ನ ಲಾಭ. ಅಲ್ಲೆ ಅಲ್ಲ, ಅದು ಕಂಪನಿ ತಾನ ತನ್ನ ಬೆನ್ನು ತಟ್ಟಿಕೊಂಡ ಲಾಭ. ಅದರಾಗ ನಿಮಗ ಕೊಟ್ಟ ಶೇರಿನ ಖರ್ಚು ಕಳದಿಲ್ಲ. ನಾ ಲೂಪೆಗ ಪಗಾರದ ಬದಲಿ ಡೇಕೇರಿನ ತುಂಡು ಕೊಟ್ಟೆ ಅನ್ನು. ಪಗಾರ ಉಳೀತು ಅಂತ ಕುಣದರ ಆತೇನು? ನನ್ನ ಪಾಲು ಸಣ್ಣದಾತಲ್ಲ. ಕೆಳಗ ಹೋಗು, ಇನ್ನೂ ಕೆಳಗ. ಹಾಂ, ಇದು ಲಾಭ."

ಪೂರ್ತಿ ಕಂಪನಿಯ ರೇಟನ್ನು ಆ ವರ್ಷದ ಲಾಭದಿಂದ ಭಾಗಿಸಿದೆ. ನೂರ ಎಂಬತ್ತು ಬಂತು. ಅಂದರೆ ಇವತ್ತಿನ ಲಾಭ ಹೀಗೇ ಇದ್ದರೆ ಪೂರ್ತಿ ಕಂಪನಿಗೆ ಕೊಟ್ಟ ಹಣ ವಾಪಸು ಬರಲು ನೂರ ಎಂಬತ್ತು ವರ್ಷ.

"ಈ ಡೇಕೇರಿಗೆ ನನ್ನ ಪಗಾರ, ಲೂಪೆ ಪಗಾರ, ಬಾಡಿಗಿ ಎಲ್ಲಾ ಕಳದು ಉಳಿಯೂದಕ್ಕ ನೀ ಎಷ್ಟು ವರ್ಷದ್ದು ಕೊಡ್ತಿದ್ದಿ?"

"ಆರು? ಏಳು?"

"ಅಲ್ಲೆ ನೂರ ಎಂಬತ್ತು ಯಾಕ?"

"ಅದು ಬೆಳೆಯುತ್ತೆ ಆಪಾ. ಮಾರ್ಕೆಟ್ ಏನು ಹುಚ್ಚಾ?"

"ಹುಚ್ಚಲ್ಲ ಬೇಟಾ. ಮುಂದ ಬರೂ ಮಕ್ಕಳನ್ನ ಮಾರ್ಕೆಟ್ಟು ಇವತ್ತ ಎಣಿಸ್ತದ. ಕೆಲವೊಮ್ಮೆ ಅವು ಬರ್ತಾವ, ಎಣಿಸಿದ್ದಕ್ಕಿಂತ ಹೆಚ್ಚೂ ಬರ್ತಾವ. ಹತ್ತು ವರ್ಷದಾಗ ನಿಮ್ಮ ಲಾಭ ಹತ್ತು ಪಟ್ಟು ಆತು ಅನ್ನು. ಆಗ ಇದ ರೇಟಿಗೆ ಎಷ್ಟು ವರ್ಷದ್ದಾತು?"

"ಹದಿನೆಂಟು."

"ಬೆಳದು ನಿಂತ ದೊಡ್ಡ ಕಂಪನಿಗೆ ಎಲ್ಲಾರೂ ಕೊಡೂ ರೇಟು ಅದು. ಅಂದ್ರ ಹತ್ತು ವರ್ಷ ಕಾದು, ಹತ್ತು ಪಟ್ಟು ಬೆಳದು, ನಿನ್ನ ಶೇರು ಅಲ್ಲೇ ನಲವತ್ತು. ಬ್ಯಾಂಕಿನ್ಯಾಗ ಇಟ್ಟಿದ್ದರ ಬಡ್ಡಿಯರ ಬರ್ತಿತ್ತು. ಈಗ ನೀ ಹೇಳು, ಎಂಜಿನಿಯರ್ ಅದಿ, ಈ ದೇಶದಾಗ ಅಂಥಾ ಥಂಡಿ ಗೋದಾಮು ಎಷ್ಟು ಅದಾವ?"

ದೊಡ್ಡ ಗೋದಾಮುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಾಗಲೇ ನಮ್ಮ ಗಿರಾಕಿಗಳು. ಅದನ್ನು ಕಂಪನಿಯೇ ಹೆಮ್ಮೆಯಿಂದ ಅದೇ ವರದಿಯಲ್ಲಿ ಬರೆದುಕೊಂಡಿತ್ತು, ನಾನೇ ಆ ಸಾಲನ್ನು ಊರಿಗೆ ಕಳಿಸಿ ಮೆರೆದಿದ್ದೆ. ಉಳಿದವೂ ಬಂದರೆ ಹೆಚ್ಚೆಂದರೆ ಎರಡು ಪಟ್ಟು. ಹತ್ತು ಪಟ್ಟು ಎಲ್ಲಿಂದ?

ಆಪಾ ಹಲಗೆ ಒರೆಸಿ ಶೂ ಕೊಟ್ಟರು. ಮಾರು ಎನ್ನಲಿಲ್ಲ. "ಬೀಳ್ತದ ಅಂತ ನಾ ಹೇಳಿಲ್ಲ. ಏನು ತುಂಬಿಸಿಕೊಂಡು ನಿಂತದ ಅಂತ ತೋರಿಸಿದೆ. ಮನಿ ನಿಂದು," ಎಂದರು. ಹೊರಗೆ ಬಂದು ಕಾರು ಹತ್ತುವಾಗ ಕೂಗಿ ಹೇಳಿದರು, "ಮೂವತ್ತೈದು ನಿಮಿಷ ತಡ. ದಂಡ ಬಿಟ್ಟೀನಿ!"

ಊಟಕ್ಕೆ ಕೂತಾಗ ಸುಹಾಸ್‌ಗೆ ಲೆಕ್ಕ ತೋರಿಸಿದೆ. ಅವನು ತಟ್ಟೆ ಸರಿಸಿದ.

"ಡೇಕೇರ್ ಆಂಟಿ ಹೇಳಿದ್ರು ಅಂತ ಮಾರ್ತೀಯಾ? ಅಷ್ಟು ದೊಡ್ಡ ದೊಡ್ಡ ಫಂಡಿನೋರು ಕೊಳ್ತಿದ್ದಾರೆ, ಅವ್ರಿಗೆ ಗೊತ್ತಿಲ್ದೇ ಇರೋದು ಇವ್ರಿಗೆ ಗೊತ್ತಾ?"

"ಫಂಡಿನೋರಿಗೆ ಇದು ಹೋದ್ರೆ ಇನ್ನೊಂದು ಇದೆ ಸುಹಾಸ್. ನಮಗೆ ಇದೊಂದೇ."

"ನಿನ್ ಕಂಪನಿ ಮೇಲೆ ನಿನಗೇ ನಂಬಿಕೆ ಇಲ್ವಾ?"

"ಕಂಪನಿ ಮೇಲಿದೆ. ರೇಟಿನ ಮೇಲಿಲ್ಲ."

ಈ ಉತ್ತರ ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಸುಹಾಸ್ ಮುನಿಸಿಕೊಂಡು, "ನಿನ್ನ ಶೇರು, ನಿನ್ನಿಷ್ಟ. ಆಮೇಲೆ ಏರಿದ್ರೆ ನನ್ನ ಕೇಳ್ಬೇಡ," ಎಂದ.

ಶುಕ್ರವಾರ ಊಟದ ಹೊತ್ತಿಗೆ ಪ್ರಶಾಂತನಿಗೂ ಹೇಳಿದೆ. ನಗುನಗುತ್ತಲೇ ಹೇಳಿದೆ, ಅದೇ ನನ್ನನ್ನು ಈಗ ಕೊರೆಯುವುದು. ಡೇಕೇರು, ತುಂಡು, ನೂರ ಎಂಬತ್ತು ವರ್ಷ. ಅವನು ಚಮಚ ಮೇಲೆತ್ತಿ, "ಮೇಡಂ, ಡಯಾಪರ್ ಲೆಕ್ಕದಲ್ಲಿ ಡೀಪ್ ಟೆಕ್ ಅಳೀತೀರಾ?" ಎಂದ. ಮೇಜಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಸುಮ್ಮನಾದೆ.

ಹನ್ನೆರಡು ನಲವತ್ತಕ್ಕೆ ಖಾಲಿ ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ರೇಟು ಆ ದಿನ ಇನ್ನೂ ಒಂದು ಡಾಲರ್ ಏರಿತ್ತು. ಅದನ್ನು ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಮತ್ತೆ ತೆರೆದೆ. ಎಲ್ಲ ಶೇರು ಮಾರುವ ಗುಂಡಿ ಒತ್ತಿದಾಗ ಒಂದಕ್ಕೆ ಆರು ನಿಮಿಷವಿತ್ತು. ನೆನಪಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲಿಯೇ, ಲ್ಯಾಪ್‌ಟಾಪ್ ಮುಚ್ಚಿದ್ದಲ್ಲಿ. ಯಾರಾದರೂ ಬಾಗಿಲು ತಟ್ಟಿದ್ದರೆ, ಫೋನ್ ಬಂದಿದ್ದರೆ, ನಾನು ಅದನ್ನು ಮತ್ತೆ ತೆರೆಯುತ್ತಿರಲಿಲ್ಲ.

ಆರು ವಾರದ ಮೇಲೆ ಫಲಿತಾಂಶ ಬಂತು. ನಮ್ಮಲ್ಲಿ ಆ ದಿನ ಕೆಫೆಟೇರಿಯಾದಲ್ಲಿ ಕೇಕು ಕತ್ತರಿಸಿ, ದೊಡ್ಡ ಪರದೆಯ ಮೇಲೆ ಶೇರಿನ ರೇಟು ಹಾಕುವ ಪದ್ಧತಿ. ಒಂದೂಕಾಲಕ್ಕೆ, ಮಾರುಕಟ್ಟೆ ಮುಗಿದ ಮೇಲೂ ಕೆಲವು ಗಂಟೆ ನಡೆಯುವ ವ್ಯಾಪಾರದ ಹೊತ್ತಿನಲ್ಲಿ, ಸುದ್ದಿ: ಲಾಭ ಮೂರರಲ್ಲೊಂದು ಪಾಲು ಹೆಚ್ಚಾಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಪರದೆಯ ಮೇಲಿನ ಸಂಖ್ಯೆ ಮೂವತ್ತೆರಡಾಯಿತು. ಪರದೆ ಕೆಟ್ಟಿದೆ ಎಂದು ಯಾರೋ ಅಂದರು. ಇಪ್ಪತ್ತೇಳಾಯಿತು. ಕೇಕಿನ ಮೇಲೆ ಚಾಕು ಹಿಡಿದಿದ್ದ ಹುಡುಗಿ ಹಾಗೆಯೇ ನಿಂತಳು. ಲಾಭ ಹೆಚ್ಚಾಗಿತ್ತು, ನಿಜ. ಆದರೆ ಮಾರುಕಟ್ಟೆ ಎಣಿಸಿಟ್ಟುಕೊಂಡದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಪ್ರಶಾಂತ ಫೋನನ್ನು ಮತ್ತೆ ಮತ್ತೆ ಉಜ್ಜುತ್ತ, "ರಿಸಲ್ಟ್ ಚೆನ್ನಾಗೇ ಇದೆ ಅಲ್ವಾ? ಚೆನ್ನಾಗೇ ಇದೆ ಅಲ್ವಾ?" ಎಂದು ನನ್ನನ್ನು ಕೇಳಿದ. ಎರಡು ದಿನ ಬಿಟ್ಟು ನೌಕರರಿಗೆ ಬಾಗಿಲು ತೆರೆದಾಗ ಇಪ್ಪತ್ತೊಂದು.

ನಮಗೆ ಮನೆ ಸಿಕ್ಕಿತು. ಪ್ರಶಾಂತನ ಮುಂಗಡ ಬಿಲ್ಡರಿಗೆ ಹೋಯಿತು. ಎರಡು ಮನೆ ಆಚೆ ಈಗ ಬೇರೆ ಯಾರೋ ಇದ್ದಾರೆ. ಅವರ ಗ್ಯಾರೇಜು ತೆರೆದಾಗಲೆಲ್ಲ ಪ್ರಶಾಂತನ ಗತಿ ನಮ್ಮದೂ ಆಗಬಹುದಿತ್ತು ಎನಿಸುತ್ತದೆ.

ಆ ವಾರ ಡೇಕೇರಿಗೆ ಹೋಗಿ ಆಪಾ ಕೈ ಹಿಡಿದುಕೊಂಡು ಅತ್ತೆ. "ನಿಮಗೆ ಗೊತ್ತಿತ್ತು ಆಪಾ, ಬೀಳುತ್ತೆ ಅಂತ."

ಅವರು ಕೈ ಬಿಡಿಸಿಕೊಂಡರು. "ನನಗೇನು ಗೊತ್ತಿತ್ತು? ಅರವತ್ತು ಆಗಿದ್ದರ? ನನಗ ಬೈತಿದ್ದಿ ಹೌದಿಲ್ಲೋ?"

"ಬೈತಿದ್ದೆ," ಎಂದೆ. ಸುಳ್ಳು ಹೇಳಲಾಗಲಿಲ್ಲ.

"ಬೈದರೂ ನೀ ಮಾಡಿದ್ದು ಸರೀನ ಇರ್ತಿತ್ತು. ತಿಳೀತೇನು? ಬಿದ್ದದ್ದಕ್ಕ ಸರಿ ಆಗಿಲ್ಲ ಅದು."

ಅರ್ಥವಾಯಿತು, ಆದರೂ ಅಳು ನಿಲ್ಲಲಿಲ್ಲ. ಪ್ರಶಾಂತನ ಸಂಗತಿ ಹೇಳಿದೆ. ಆಪಾ ಪೂರ್ತಿ ಕೇಳಿದರು. ಕೊನೆಗೆ, "ಎಷ್ಟು ಸಲ ಹೇಳಿದ್ದಿ ಆ ಹುಡುಗಗ?" ಎಂದರು.

"ಒಂದು ಸಲ."

"ಹೂಂ," ಎಂದರು ಆಪಾ. ಅಷ್ಟೇ ಅಂದು ಮಗುವೊಂದರ ಕೈ ತೊಳೆಸಲು ಎದ್ದು ಹೋದರು. ಈ ಮೂರು ವರ್ಷದಲ್ಲಿ ಅವರು ನನಗೆ ಹೇಳಿದ ಎಷ್ಟೋ ಮಾತು ಮರೆತಿದ್ದೇನೆ. ಆ ಹೂಂ ಮರೆಯಲಾಗಿಲ್ಲ.

ಶೇರು ಈಗ ಮತ್ತೆ ಏರಿದೆ. ನಾನು ಮಾರಿದ ರೇಟನ್ನು ದಾಟಿ ಐವತ್ತಕ್ಕೆ ಬಂದಿದೆ. "ಇಟ್ಕೊಂಡಿದ್ರೆ..." ಎಂದು ಸುಹಾಸ್ ಒಂದು ದಿನ ಶುರುಮಾಡಿದ; ಕೂತಿದ್ದ ಮನೆಯ ಗೋಡೆಯ ಕಡೆ ನೋಡಿ ಅವನೇ ನಿಲ್ಲಿಸಿದ. ಲೆಕ್ಕವನ್ನು ನಾನು ಹೊಸದಾಗಿ ಮಾಡಿದ್ದೇನೆ. ಈ ಸಲ ಲಾಭವೂ ಬೆಳೆದಿದೆ. ಆದರೂ ನೂರ ಇಪ್ಪತ್ತು ವರ್ಷ.

ಪ್ರಶಾಂತ ಮತ್ತೆ ಮನೆ ನೋಡಿದ್ದಾನೆ, ಈ ಸಲ ಯೂನಿಯನ್ ಸಿಟಿಯಲ್ಲಿ. ಅವನ ಹೆಂಡತಿ ಈಗ ಏಳು ತಿಂಗಳ ಬಸುರಿ. ಮುಂಗಡ ಕೊಟ್ಟಿದ್ದಾನೆ. ಮೂರು ವರ್ಷದಲ್ಲಿ ಕೂಡಿದ ಶೇರುಗಳೆಲ್ಲ ಹಾಗೆಯೇ ಇವೆ. ನಾಳೆ ಶುಕ್ರವಾರ, ಬಾಗಿಲು ಮುಚ್ಚುವ ದಿನ. ಫಲಿತಾಂಶ ಬಂದ ಮೇಲೆ ಮಾರುತ್ತೇನೆ ಎಂದು ಅವನು ಕಾಫಿ ಯಂತ್ರದ ಹತ್ತಿರ ಯಾರಿಗೋ ಹೇಳುತ್ತಿದ್ದದ್ದು ಇವತ್ತು ಬೆಳಗ್ಗೆ ನನ್ನ ಕಿವಿಗೆ ಬಿತ್ತು.

ಹತ್ತು ಗಂಟೆಯ ಮೀಟಿಂಗಿಗೆ ಬರುವುದಿಲ್ಲ ಎಂದು ಮೆಸೇಜು ಹಾಕಿ ಅವನ ಡೆಸ್ಕಿಗೆ ಹೋದೆ. ಪಕ್ಕದ ಕುರ್ಚಿ ಎಳೆದು ಕೂತೆ.

"ಏನ್ ಮೇಡಂ, ಮತ್ತೆ ಡಯಾಪರ್ ಲೆಕ್ಕಾನಾ?" ಎಂದ. ನಕ್ಕ.

ನಾನು ನಗಲಿಲ್ಲ. "ಹೌದು."

"ಹೋದ ಸಲ ಏನೋ ಆಯ್ತು. ಈ ಸಲ ಬೇರೆ. ಬೀಳುತ್ತೆ ಅಂತ ನಿಮಗೇನು ಗ್ಯಾರಂಟಿ?"

"ಏನೂ ಇಲ್ಲ. ಏರಬಹುದು. ಏರಿದ್ರೆ ನೀನು ನನಗೆ ಜೀವಮಾನ ಪೂರ್ತಿ ಬೈತೀಯ. ಬೈಯಿ ಪರವಾಗಿಲ್ಲ."

"ಮೇಡಂ, ಮೀಟಿಂಗಿದೆ..."

"ಹೋಗು. ನೀನು ಬರೋವರೆಗೂ ಇಲ್ಲೇ ಕೂತಿರ್ತೀನಿ. ನಾಳೆ ಒಂದು ಗಂ‌ಟೆವರೆಗೂ ಕೂತಿರ್ತೀನಿ."

ಅವನು ಎದ್ದ. ಎರಡು ಹೆಜ್ಜೆ ಹೋದ. ತಿರುಗಿ ನೋಡಿದ. ನಾನು ಕದಲಲಿಲ್ಲ. ಆಮೇಲೆ ವಾಪಸು ಬಂದು ಕೂತು, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.